ಕಡಲ ಫ್ಯಾಂಟಸಿಯ ನಡುವಿನ ಪುಸ್ತಕಕ್ಕೆ ಅನಿಸಿಕೆ ಬರೆಯುವುದು ಹೇಗೆ

ಮೂರು ಸಂಪುಟಗಳ ಯಾವ ಕಡಲ ಫ್ಯಾಂಟಸಿಯನ್ನೇ ತೆಗೆದುಕೊಳ್ಳಿ, ಎರಡನೆಯ ಪುಸ್ತಕದ ಬಗ್ಗೆ ಓದುಗರಾಡುವ ಮಾತು ಹೆಚ್ಚುಕಡಿಮೆ ಮೂರೇ: 'ಏನೂ ನಡೆಯಲಿಲ್ಲ', 'ಸುಮ್ಮನೆ ಎಳೆದಿದ್ದಾರೆ', 'ಮೂರನೆಯದು ಓದಿ ಆಮೇಲೆ ಹೇಳುತ್ತೇನೆ'. ಈ ಪುಸ್ತಕ ಕೈಗೆತ್ತಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಮೂರರಿಂದಲೂ ಉಪಯೋಗವಿಲ್ಲ. ಆರುನೂರು ಪುಟ ಓದಿದರೂ ಏನೂ ನಡೆಯದ ಪುಸ್ತಕ ಅಪರೂಪ. ಓದುಗ ಕಾಯುತ್ತಿದ್ದದ್ದು ನಡೆದಿರುವುದಿಲ್ಲ, ಅಷ್ಟೇ. ಆ ಎರಡರ ನಡುವಿನ ವ್ಯತ್ಯಾಸವನ್ನು ಬರಹದಲ್ಲಿ ತೋರಿಸಬೇಕಾದರೆ ಓದುವಾಗಲೇ ಸ್ವಲ್ಪ ಸಿದ್ಧತೆ ಬೇಕು. ಪುಸ್ತಕ ಮುಗಿಸಿ ಕೂತು ನೆನಪಿನಿಂದ ಬರೆದರೆ ಕೊನೆಯ ಐವತ್ತು ಪುಟಗಳ ಬಗ್ಗೆ ಮಾತ್ರ ಬರೆದಂತಾಗುತ್ತದೆ.

ನಡುವಿನ ಪುಸ್ತಕಕ್ಕೆ ಆರಂಭದ ಬೆರಗೂ ಇಲ್ಲ, ಮುಕ್ತಾಯದ ನೆಮ್ಮದಿಯೂ ಇಲ್ಲ. ಲೋಕದ ಪರಿಚಯ ಮೊದಲನೆಯದರಲ್ಲೇ ಆಗಿಹೋಗಿದೆ, ದೊಡ್ಡ ಯುದ್ಧ ಮೂರನೆಯದಕ್ಕೆ ಕಾದಿದೆ. ಹಾಗಾಗಿ ಅದಕ್ಕೆ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಪುಸ್ತಕ ಮುಗಿಯುವ ಹೊತ್ತಿಗೆ ಯಾವ ಯಾವ ಸಂಗತಿ ಮತ್ತೆ ಮೊದಲಿನಂತಾಗದ ಹಾಗೆ ಬದಲಾಗಿದೆ? ಹಡಗು ಸುಟ್ಟುಹೋದರೆ ಅದು ಬದಲಾವಣೆ. ಹಡಗು ಕೆಟ್ಟು, ದುರಸ್ತಿಯಾಗಿ, ಅದೇ ಸಿಬ್ಬಂದಿಯೊಂದಿಗೆ ಅದೇ ಬಂದರಿನಿಂದ ಹೊರಟರೆ ಬರೀ ವಿಳಂಬ. ಅನಿಸಿಕೆ ಬರೆಯುವವರು ಬೇರೆ ಏನನ್ನು ಬಿಟ್ಟರೂ ಈ ಲೆಕ್ಕ ಬಿಡಬಾರದು.

ಶುರು ಮಾಡುವ ಮುಂಚೆ ಒಂದು ಹಾಳೆ

ಮೊದಲ ಪುಸ್ತಕ ಓದಿ ಆರು ತಿಂಗಳು ದಾಟಿದ್ದರೆ ಅದರ ಕೊನೆಯ ಮೂರು ಅಧ್ಯಾಯ ಮತ್ತು ನಕಾಶೆ, ಇಷ್ಟನ್ನು ಮತ್ತೊಮ್ಮೆ ನೋಡಿ. ಇಡೀ ಪುಸ್ತಕ ತಿರುಗಿ ಓದಬೇಕಿಲ್ಲ. ಆಮೇಲೆ ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ. ಕೊನೆಯ ಪುಟದಲ್ಲಿ ಯಾರು ಎಲ್ಲಿದ್ದಾರೆ: ಯಾವ ಹಡಗಿನಲ್ಲಿ, ಯಾವ ದ್ವೀಪದಲ್ಲಿ, ಯಾರ ಸೆರೆಯಲ್ಲಿ. ಯಾರಿಗೆ ಯಾರಿಂದ ಏನು ಬಾಕಿ: ಸಾಲವೋ ಆಣೆಯೋ ಸೇಡೋ. ಮಾಯೆ ಬಳಸಿದವರು ಅದಕ್ಕೆ ಏನು ತೆರಬೇಕು. ಉತ್ತರ ಸಿಗದೆ ಉಳಿದ ಪ್ರಶ್ನೆಗಳು ಯಾವುವು.

ಪ್ರಶ್ನೆಗಳಿಗೆ ಮಾತ್ರ ಅಂಕಿ ಹಾಕಿ. ಎಂಟೋ ಹತ್ತೋ ಆದರೆ ಸಾಕು, ಇಪ್ಪತ್ತಾದರೆ ಅರ್ಧ ಅಳಿಸಿ. ಕಥೆ ನಿಜವಾಗಿ ಎತ್ತಿದ ಪ್ರಶ್ನೆ ಬೇರೆ, ನಿಮ್ಮ ಕುತೂಹಲ ಬೇರೆ. 'ನಾಯಕಿಯ ತಂದೆ ಬದುಕಿದ್ದಾನೆಯೇ' ಎಂಬುದನ್ನು ಪುಸ್ತಕವೇ ಎತ್ತಿರುತ್ತದೆ. 'ಉತ್ತರದ ದ್ವೀಪದವರ ದೇವರು ಯಾರು' ಎಂಬುದು ನಿಮ್ಮದು. ಎರಡನೆಯ ಬಗೆಯದಕ್ಕೆ ಉತ್ತರ ಸಿಗಲಿಲ್ಲ ಎಂದು ಅಂಕ ಕಳೆಯುವುದು ಅನ್ಯಾಯ.

ಮಾಯೆಯ ಬೆಲೆಯನ್ನು ಬರೆದುಕೊಳ್ಳಲು ಹೇಳುವುದಕ್ಕೆ ಕಾರಣವಿದೆ. ನಡುವಿನ ಪುಸ್ತಕಗಳು ಜಾರುವುದು ಹೆಚ್ಚಾಗಿ ಅಲ್ಲೇ. ಗಾಳಿಯನ್ನು ಕರೆದವಳಿಗೆ ಮೂರು ದಿನ ಕಣ್ಣು ಕಾಣುವುದಿಲ್ಲ ಎಂದು ಮೊದಲ ಪುಸ್ತಕದಲ್ಲಿ ಹೇಳಿ, ಎರಡನೆಯದರಲ್ಲಿ ಆಕೆ ವಾರಕ್ಕೆ ನಾಲ್ಕು ಸಲ ಗಾಳಿ ಕರೆದು ಊಟಕ್ಕೆ ಕೂತರೆ ಅದು ಕಣ್ತಪ್ಪು. ನೆನಪಿನ ಮೇಲೆ ಇದನ್ನು ಹೇಳಹೊರಟರೆ 'ಮೊದಲಿನ ಹಾಗಿಲ್ಲ' ಎಂಬ ಮಸುಕು ಮಾತಾಗುತ್ತದೆ. ಹಾಳೆ ಎದುರಿಗಿದ್ದರೆ ಪುಟಸಂಖ್ಯೆಯೊಂದಿಗೆ ಹೇಳಬಹುದು.

ಆವೃತ್ತಿಯ ವಿಷಯದಲ್ಲೂ ಎಚ್ಚರ ಬೇಕು. ದಪ್ಪ ಕಾದಂಬರಿಗಳನ್ನು ಕೆಲವು ಪ್ರಕಾಶಕರು, ಅದರಲ್ಲೂ ಅನುವಾದ ತರುವಾಗ, ಎರಡು ಭಾಗ ಮಾಡಿ ಮಾರುತ್ತಾರೆ. ಬೆನ್ನಿನ ಮೇಲೆ '2' ಎಂದಿರುವ ಪುಸ್ತಕ ನಿಜವಾಗಿ ಮೊದಲ ಕಾದಂಬರಿಯ ಉತ್ತರಾರ್ಧವಾಗಿರಬಹುದು. ಅದನ್ನು ನಡುವಿನ ಪುಸ್ತಕವೆಂದು ಓದಿ, 'ಆರಂಭವೇ ಇಲ್ಲ, ಇದ್ದಕ್ಕಿದ್ದಂತೆ ಶುರುವಾಗುತ್ತದೆ' ಎಂದು ದೂರಿದರೆ ಲೇಖಕರ ತಪ್ಪೇನೂ ಇರುವುದಿಲ್ಲ. ಹಕ್ಕುಸ್ವಾಮ್ಯದ ಪುಟದಲ್ಲಿರುವ ಮೂಲ ಶೀರ್ಷಿಕೆ ಮತ್ತು ವರ್ಷ ನೋಡಿದರೆ ತಿಳಿಯುತ್ತದೆ. ಇ-ಪುಸ್ತಕ ಓದುವವರು ಇನ್ನೊಂದು ಗಮನಿಸಬೇಕು: ಶೇಕಡಾ ಲೆಕ್ಕದಲ್ಲಿ ಅನುಬಂಧ, ಪಾತ್ರಪಟ್ಟಿ, ಮುಂದಿನ ಪುಸ್ತಕದ ಮಾದರಿ ಅಧ್ಯಾಯ ಎಲ್ಲವೂ ಸೇರಿರುತ್ತವೆ. ಕಥೆ 91ಕ್ಕೇ ಮುಗಿಯಬಹುದು. ಇನ್ನೂ ಒಂಬತ್ತು ಶೇಕಡಾ ಇದೆ ಎಂದು ನಂಬಿ ಓದುತ್ತಿರುವವರಿಗೆ ಕೊನೆ ಹಠಾತ್ತನೆ ಕತ್ತರಿಸಿದಂತೆ ಅನಿಸುವುದು ಸಹಜ, ಆ ಸಿಟ್ಟು ಅನಿಸಿಕೆಯಲ್ಲೂ ಇಳಿಯುತ್ತದೆ. ಪರಿವಿಡಿ ತೆರೆದು ಕಥೆಯ ಕೊನೆಯ ಅಧ್ಯಾಯ ಯಾವುದೆಂದು ಮೊದಲೇ ನೋಡಿಕೊಳ್ಳಿ. ಅಧ್ಯಾಯಕ್ಕೆ ಹೆಸರಿದ್ದರೆ ಕಣ್ಣು ಕಿರಿದಾಗಿಸಿಕೊಂಡು ನೋಡುವುದು ಒಳ್ಳೆಯದು. ಯಾರದೋ ಸಾವಿನ ಸುದ್ದಿಯೂ ಅಲ್ಲೇ ಇರಬಹುದು.

ಓದುತ್ತಾ ಗುರುತು ಹಾಕುವುದು

ಗುರುತುಗಳು ಹೆಚ್ಚಾದಷ್ಟೂ ಆಮೇಲೆ ಬಳಸುವುದು ಕಡಿಮೆ. ಮೂರು ಸಾಕು. ಪ್ರಶ್ನೆ ಎದ್ದಲ್ಲಿ ಅಥವಾ ಉತ್ತರ ಸಿಕ್ಕಲ್ಲಿ ಒಂದು, ಓದು ಕುಂಟಿದಲ್ಲಿ ಒಂದು, ಇನ್ನು ಹಿಂದಿರುಗಲಾಗದ ಬದಲಾವಣೆ ಆದಲ್ಲಿ ಒಂದು. ಇಷ್ಟವಾದ ಸಾಲುಗಳಿಗೆ ಗೆರೆ ಎಳೆಯುವುದು ನಿಮ್ಮ ಖುಷಿ, ಈ ಕೆಲಸಕ್ಕೆ ಅದು ಬೇಕಾಗುವುದಿಲ್ಲ.

ಕಾಲು, ಅರ್ಧ, ಮುಕ್ಕಾಲು ಭಾಗ ಮುಗಿದಾಗ ಪುಸ್ತಕ ಮುಚ್ಚಿ ನಾಲ್ಕು ಸಾಲು ಬರೆಯಿರಿ: ಈಗ ಯಾರ ಕಥೆ ಮುಂದಕ್ಕೆ ಎಳೆಯುತ್ತಿದೆ, ಯಾರದು ಬಂದಾಗ ಬೇಸರ, ಮುಂದೇನಾಗುತ್ತದೆ ಎಂದು ಊಹೆ. ಮುಂದಿನ ಅಧ್ಯಾಯಕ್ಕೆ ಹೋಗುವ ಮೊದಲೇ ಬರೆಯಬೇಕು. ಕೊನೆಯಲ್ಲಿ ಒಂದು ಜೋರಾದ ಕಡಲಯುದ್ಧ ಬಂದರೆ ಮೊದಲರ್ಧದ ಬೇಸರವೆಲ್ಲ ಮರೆತುಹೋಗುತ್ತದೆ. ಕೊನೆ ಕೈಕೊಟ್ಟರೆ ಅಲ್ಲಿಯವರೆಗೆ ಖುಷಿಯಿಂದ ಓದಿದ್ದೂ ಮರೆತುಹೋಗುತ್ತದೆ. ಆ ನಾಲ್ಕು ಸಾಲುಗಳಿದ್ದರೆ ಎರಡೂ ದಾಖಲೆಯಲ್ಲಿ ಉಳಿಯುತ್ತವೆ. ಊಹೆ ಬರೆಯುವುದು ಜಾಣತನ ತೋರಿಸಲಿಕ್ಕಲ್ಲ. ಊಹೆ ಪದೇಪದೇ ನಿಜವಾಗುತ್ತಿದ್ದರೆ ಕಥೆ ತನ್ನ ಜಾಡನ್ನು ಬಹಳ ಮುಂಚೆ ಬಿಟ್ಟುಕೊಟ್ಟಿದೆ ಎಂದರ್ಥ. ಒಂದೂ ನಿಜವಾಗದಿದ್ದರೆ ಸುಳಿವುಗಳನ್ನು ಸರಿಯಾಗಿ ಇಟ್ಟಿಲ್ಲವೇನೋ ಎಂದು ಹಿಂದಕ್ಕೆ ತಿರುಗಿ ನೋಡಬೇಕು.

ಜೊತೆಗೆ ಅಧ್ಯಾಯಕ್ಕೊಂದು ಸಾಲಿನ ಪಟ್ಟಿ: ಅಧ್ಯಾಯದ ಸಂಖ್ಯೆ, ಯಾರ ಕಣ್ಣಿನಿಂದ, ಕಡಲಲ್ಲೋ ಬಂದರಿನಲ್ಲೋ ಒಳನಾಡಿನಲ್ಲೋ, ಎಷ್ಟು ಪುಟ, ಏನು ಬದಲಾಯಿತು. ಕೊನೆಯ ಕಾಲಮಿನಲ್ಲಿ 'ಮಾತುಕತೆ' ಎಂದು ಬರೆಯಬೇಡಿ. ಮಾತುಕತೆಯಿಂದ ಏನಾಯಿತು ಎಂದು ಬರೆಯಿರಿ. ಏನೂ ಆಗದಿದ್ದರೆ ಖಾಲಿ ಬಿಡಿ. ಪುಸ್ತಕ ಮುಗಿದಾಗ ಖಾಲಿ ಜಾಗಗಳು ಎಲ್ಲಿ ಗುಂಪುಗಟ್ಟಿವೆ ಎಂದು ನೋಡಿದರೆ 'ಎಳೆದಿದ್ದಾರೆ' ಎಂಬ ಭಾವನೆ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಎಷ್ಟೋ ಸಲ ಅದು ಪುಸ್ತಕದ ತುಂಬ ಇರುವುದಿಲ್ಲ, ಒಂದೇ ಪಾತ್ರದ ನಾಲ್ಕೈದು ಅಧ್ಯಾಯಗಳಲ್ಲಿರುತ್ತದೆ. ಹಲವು ಪಾತ್ರಗಳ ಕಣ್ಣಿನಿಂದ ಸಾಗುವ ಕಾದಂಬರಿಯಲ್ಲಿ ಇದು ಮಾಮೂಲು.

ನಿಧಾನ ಬೇರೆ, ನಿಂತ ನೀರು ಬೇರೆ. ಅನುಮಾನ ಬಂದ ಅಧ್ಯಾಯಕ್ಕೆ ಈ ಪರೀಕ್ಷೆ ಮಾಡಿ: ಇದನ್ನು ಕಿತ್ತುಹಾಕಿದರೆ ಮುಂದಿನ ಯಾವ ಅಧ್ಯಾಯದ ಯಾವ ನಿರ್ಧಾರ ಅರ್ಥವಾಗದೆ ಹೋಗುತ್ತದೆ? ಒಂದು ಉತ್ತರ ಸಿಕ್ಕರೂ ಅಧ್ಯಾಯ ನಿಧಾನವಾಗಿದೆ, ಅಷ್ಟೇ. ಉತ್ತರವೇ ಇಲ್ಲದಿದ್ದರೆ 'ಎಳೆದಿದ್ದಾರೆ' ಎನ್ನಲು ನಿಮಗೆ ಹಕ್ಕಿದೆ. ಆದರೆ ಈ ತೀರ್ಪು ಮೂರನೆಯ ಪುಸ್ತಕ ಬರುವವರೆಗೆ ತಾತ್ಕಾಲಿಕ. ಬರೆಯುವಾಗ 'ಈ ಪುಸ್ತಕದ ಮಟ್ಟಿಗೆ' ಎಂಬ ಮಾತು ಸೇರಿಸಿ.

ಕಡಲಿನ ಲೆಕ್ಕ ನೋಡುವುದು

ಕಡಲ ಫ್ಯಾಂಟಸಿಗೆ ಬರುವ ಅನಿಸಿಕೆಗಳಲ್ಲಿ ಅತಿ ದುರ್ಬಲವಾದ ಭಾಗ ಇದು. 'ನಾವಿಕ ಜೀವನದ ವಿವರ ಅದ್ಭುತ' ಎಂದು ಒಬ್ಬರು, 'ಹಗ್ಗ-ಹಾಯಿ ಪುರಾಣ ಜಾಸ್ತಿಯಾಯಿತು' ಎಂದು ಇನ್ನೊಬ್ಬರು. ಸರಿಯೋ ತಪ್ಪೋ ಎಂದು ಯಾರೂ ನೋಡಿರುವುದಿಲ್ಲ. ನೋಡುವುದು ಕಷ್ಟವೇನಲ್ಲ. ನಡುವಿನ ಪುಸ್ತಕದಲ್ಲಿ ನೋಡಲೇಬೇಕು, ಏಕೆಂದರೆ ಪಾತ್ರಗಳು ಬೇರೆಬೇರೆ ಹಡಗುಗಳಲ್ಲಿ ಚದುರಿರುವುದು ಅಲ್ಲೇ. ಅವರೆಲ್ಲ ಒಂದೇ ಬಂದರಿಗೆ ಒಂದೇ ದಿನ ಬಂದು ಸೇರಿದರೆ ಅದು ಲೆಕ್ಕಕ್ಕೆ ಕೂರುತ್ತದೆಯೇ ಎಂಬುದು ಕಥೆಯ ಪ್ರಾಮಾಣಿಕತೆಯ ಪ್ರಶ್ನೆ.

ಮೊದಲು ದೂರ ಮತ್ತು ದಿನ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗಕ್ಕೆ ಒಂದು ನಾಟ್. ಸರಕು ತುಂಬಿದ ಹಾಯಿಹಡಗು ಸರಾಸರಿ 5 ನಾಟ್ ಸಾಗಿತು ಎಂದಿಟ್ಟುಕೊಂಡರೆ ದಿನಕ್ಕೆ 120 ನಾಟಿಕಲ್ ಮೈಲಿ, ಅಂದರೆ ಸುಮಾರು 222 ಕಿಲೋಮೀಟರ್. ನಕಾಶೆಯ ಅಳತೆಗೆರೆಯಿಂದ ಎರಡು ದ್ವೀಪಗಳ ನಡುವೆ 900 ನಾಟಿಕಲ್ ಮೈಲಿ ಬಂದರೆ ಪಯಣ ಏಳೂವರೆ ದಿನದ್ದು. ಕಥೆಯಲ್ಲಿ ಅದು ಮೂರೇ ದಿನವಾದರೆ ದಿನಕ್ಕೆ 300 ಮೈಲಿ, ಸರಾಸರಿ ಹನ್ನೆರಡೂವರೆ ನಾಟ್. ವೇಗಕ್ಕೆಂದೇ ಕಟ್ಟಿದ 19ನೇ ಶತಮಾನದ ಕ್ಲಿಪ್ಪರ್ ಹಡಗುಗಳು ಒಳ್ಳೆಯ ಗಾಳಿ ಸಿಕ್ಕ ದಿನಗಳಲ್ಲಿ ಅಷ್ಟು ಓಡಿದ್ದುಂಟು. ಹೊಟ್ಟೆ ದಪ್ಪಗಿರುವ ವ್ಯಾಪಾರಿ ಹಡಗು ಸತತ ಮೂರು ದಿನ ಹಾಗೆ ಓಡುವುದು ಆಗದ ಮಾತು. ನಕಾಶೆಯಲ್ಲಿ ಅಳತೆಗೆರೆಯೇ ಇಲ್ಲದಿದ್ದರೆ ಮೊದಲ ಪುಸ್ತಕದ ಒಂದು ಪಯಣವನ್ನು ಅಳತೆಯಾಗಿ ಹಿಡಿಯಿರಿ. ಅಲ್ಲಿ ಎರಡು ಬೆರಳಗಲಕ್ಕೆ ಹತ್ತು ದಿನ ಹಿಡಿದಿದ್ದರೆ ಇಲ್ಲಿ ನಾಲ್ಕು ಬೆರಳಗಲಕ್ಕೆ ಸುಮಾರು ಇಪ್ಪತ್ತು ದಿನವಾಗಬೇಕು, ಇಲ್ಲವೇ ಬೇಗ ತಲುಪಿದ್ದಕ್ಕೆ ಗಾಳಿಯನ್ನೋ ಮಾಯೆಯನ್ನೋ ಕಾರಣ ಕೊಡಬೇಕು.

ಗಾಳಿಯ ದಿಕ್ಕು ಇದಕ್ಕಿಂತ ದೊಡ್ಡ ತೊಡಕು. ಹಡಗಿಗೆ ಅಡ್ಡಲಾಗಿ ಚೌಕ ಹಾಯಿ ಕಟ್ಟಿದ ಹಡಗು ಗಾಳಿ ಬರುವ ದಿಕ್ಕಿಗೆ ಸುಮಾರು 65 ಡಿಗ್ರಿಗಿಂತ ಹತ್ತಿರ ಮುಖ ಮಾಡಲಾರದು. ಎದುರುಗಾಳಿಯಲ್ಲಿ ಅಂಕುಡೊಂಕಾಗಿ ಸಾಗಬೇಕು. ನೇರ ದೂರದ ಎರಡು ಪಟ್ಟಿಗೂ ಮೀರಿ ಓಡಬೇಕಾಗುತ್ತದೆ. ಅದರ ಮೇಲೆ ಗಾಳಿ ಹಡಗನ್ನು ಪಕ್ಕಕ್ಕೆ ನೂಕುವುದು ಬೇರೆ. ಹಡಗಿನ ಉದ್ದಕ್ಕೆ ಹಾಯಿ ಕಟ್ಟಿದ ದೋಣಿಗಳು 45–50 ಡಿಗ್ರಿವರೆಗೆ ಹೋಗಬಲ್ಲವು, ಅವುಗಳಿಗೆ ಒಂದೂವರೆ ಪಟ್ಟು ದೂರ ಸಾಕು. ಹಾಗಾಗಿ ಎದುರುಗಾಳಿಯಲ್ಲಿ ಚಿಕ್ಕ ಕಳ್ಳದೋಣಿ ದೊಡ್ಡ ಯುದ್ಧನೌಕೆಯಿಂದ ತಪ್ಪಿಸಿಕೊಂಡರೆ ನಂಬಬಹುದು. ಹಿಂಗಾಳಿಯಲ್ಲಿ ಹಾಯಿಯ ಹರವು ಹೆಚ್ಚಿರುವ ದೊಡ್ಡದು ಬೆನ್ನಟ್ಟಿಯೂ ಹಿಡಿಯಲಾಗದಿದ್ದರೆ ಲೇಖಕರು ಇನ್ನೊಂದು ಕಾರಣ ಕೊಡಬೇಕು.

ಕುಡಿಯುವ ನೀರು ನೋಡಿ. ತಲೆಗೆ ದಿನಕ್ಕೆ ಸುಮಾರು 4 ಲೀಟರ್ ಎಂದರೂ ನಲವತ್ತು ಜನರಿಗೆ 160 ಲೀಟರ್, ಅರವತ್ತು ದಿನಕ್ಕೆ 9,600 ಲೀಟರ್. ಅಂದರೆ ಒಂಬತ್ತೂವರೆ ಟನ್ ಭಾರದ ಪೀಪಾಯಿಗಳು. ಅವಸರದಲ್ಲಿ ರಾತ್ರೋರಾತ್ರಿ ಹಡಗು ಕದ್ದು ಹೊರಟವರು ಎರಡು ತಿಂಗಳು ಎಲ್ಲೂ ನಿಲ್ಲದೆ ಸಾಗಿದರೆ ಆ ನೀರು ಎಲ್ಲಿಂದ ಬಂತು ಎಂದು ಕೇಳುವುದು ಕೊಂಕಲ್ಲ. ಇನ್ನು ತಾಜಾ ಹಣ್ಣು-ತರಕಾರಿ ಇಲ್ಲದೆ ಎರಡು ಮೂರು ತಿಂಗಳಾದರೆ ಸ್ಕರ್ವಿ ತಲೆಹಾಕುತ್ತದೆ: ಒಸಡು ಊದಿ ರಕ್ತ ಬರುವುದು, ಹಲ್ಲು ಅಲುಗುವುದು, ಹಳೆಯ ಗಾಯ ಮತ್ತೆ ಬಿಚ್ಚಿಕೊಳ್ಳುವುದು. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಹನ್ನೆರಡು ನಾವಿಕರ ಮೇಲೆ ಬೇರೆಬೇರೆ ಮದ್ದು ಪ್ರಯೋಗಿಸಿ, ಕಿತ್ತಳೆ-ನಿಂಬೆ ತಿಂದವರು ಬೇಗ ಚೇತರಿಸಿಕೊಂಡದ್ದನ್ನು ಕಂಡ. ಕಾದಂಬರಿಯ ಲೋಕಕ್ಕೆ ಈ ಜ್ಞಾನ ಇಲ್ಲದಿರಬಹುದು, ಆದರೆ ಕಾಯಿಲೆ ಇರಲೇಬೇಕಲ್ಲ.

ದೂರದ ಹಡಗು ಕಣ್ಣಿಗೆ ಬೀಳುವ ದೃಶ್ಯಗಳಿಗೆ ಒಂದು ಸುಲಭ ಸೂತ್ರವಿದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ಹಡಗಿನ ಅಟ್ಟದ (ಡೆಕ್) ಮೇಲೆ ನಿಂತವನ ಕಣ್ಣು ನೀರಿನಿಂದ 4 ಮೀಟರ್ ಮೇಲಿದ್ದರೆ ದಿಗಂತ ಏಳು ಕಿಲೋಮೀಟರ್ ಆಚೆ. ಕಂಬದ ತುದಿಯಲ್ಲಿ 25 ಮೀಟರ್ ಎತ್ತರದ ಕಾವಲುಗಾರನಿಗೆ ಹದಿನೆಂಟರ ಹತ್ತಿರ. ಎದುರಿನ ಹಡಗಿಗೂ ಅಷ್ಟೇ ಎತ್ತರದ ಕಂಬವಿದ್ದರೆ ಎರಡನ್ನೂ ಕೂಡಿಸಿ: ತಿಳಿಯಾದ ಹವೆಯಲ್ಲಿ ಸುಮಾರು 35 ಕಿಲೋಮೀಟರಿಗೆ ಅದರ ಕಂಬದ ತುದಿ ಮೂಡುತ್ತದೆ. ಮೊದಲು ತುದಿ, ಆಮೇಲೆ ಹಾಯಿ, ಕೊನೆಗೆ ಒಡಲು. ಮೂವತ್ತು ಕಿಲೋಮೀಟರ್ ದೂರದಿಂದ ಶತ್ರು ಹಡಗಿನ ಮೇಲಿರುವ ಹೆಂಗಸಿನ ಕೆಂಪು ಸೆರಗು ಕಂಡರೆ ನೋಡಿದವನ ಕಣ್ಣಲ್ಲಿ ಮಾಯೆ ಇರಬೇಕು.

ಉಳಿದವನ್ನು ಬೇಗ ಹೇಳುವುದಾದರೆ: ಯೂರೋಪಿನ ಹಡಗುಗಳ ಮಾದರಿಯಲ್ಲಿ ಪಾಳಿ ನಾಲ್ಕು ಗಂಟೆಯದು, ಅರ್ಧ ಗಂಟೆಗೊಮ್ಮೆ ಒಂದೊಂದು ಏಟು ಹೆಚ್ಚಿಸಿ ಗಂಟೆ ಬಾರಿಸಿ ಎಂಟು ಏಟಿಗೆ ಪಾಳಿ ಮುಗಿಯುತ್ತದೆ, ಸಂಜೆಯ ಎರಡು ಪಾಳಿ ಮಾತ್ರ ಎರಡೆರಡು ಗಂಟೆ, ದಿನಾ ಅದೇ ಜನರಿಗೆ ನಡುರಾತ್ರಿ ಬರದಿರಲೆಂದು. ಬೆಚ್ಚನೆಯ ಕಡಲಲ್ಲಿ ಮರದ ತಳವನ್ನು ಹುಳು ಕೊರೆಯುತ್ತದೆ, ಪಾಚಿ-ಚಿಪ್ಪು ಅಂಟಿ ವೇಗ ಕುಗ್ಗುತ್ತದೆ, ಹಾಗಾಗಿ ಆಗಾಗ ಹಡಗನ್ನು ದಡದಲ್ಲಿ ಒಂದು ಮಗ್ಗುಲಿಗೆ ವಾಲಿಸಿ ಕೆರೆಯಬೇಕು. ಉತ್ತರ-ದಕ್ಷಿಣದ ಸ್ಥಾನವನ್ನು ನಡುಹಗಲ ಸೂರ್ಯನಿಂದ ತಿಳಿಯಬಹುದು. ಪೂರ್ವ-ಪಶ್ಚಿಮಕ್ಕೆ ನಂಬಿಕೆಯ ಗಡಿಯಾರ ಬೇಕು. ನಮ್ಮ ಲೋಕದಲ್ಲಿ ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ನನ ನಾಲ್ಕನೆಯ ಗಡಿಯಾರ ಕಡಲಿನ ಪರೀಕ್ಷೆಗೆ ಹೊರಟದ್ದು 1761ರಲ್ಲಿ. ಗಡಿಯಾರವೇ ಇಲ್ಲದ ಲೋಕದ ಕಪ್ತಾನ ನಡುಗಡಲಲ್ಲಿ ತಾನಿರುವ ಜಾಗವನ್ನು ಬೆರಳಿಟ್ಟು ತೋರಿಸಿದರೆ ಅನುಮಾನಿಸಿ.

ಈ ಲೆಕ್ಕವನ್ನೆಲ್ಲ ಅನಿಸಿಕೆಯಲ್ಲಿ ತುಂಬಿದರೆ ಓದುವವರು ಓಡಿಹೋಗುತ್ತಾರೆ. ಕಥೆಯ ತಿರುವು ಯಾವ ತಪ್ಪಿನ ಮೇಲೆ ನಿಂತಿದೆಯೋ ಅದೊಂದನ್ನು ಮಾತ್ರ ಎತ್ತಿ. ಮಾಯೆಯ ಲೋಕವನ್ನು ನಮ್ಮ ಭೌತಶಾಸ್ತ್ರದಿಂದ ಅಳೆದು ಗೆದ್ದೆನೆಂದುಕೊಳ್ಳುವುದೂ ತಪ್ಪು. ಹಡಗೇ ಮಾತಾಡುತ್ತದೆ, ಸಮುದ್ರಸರ್ಪ ಅದನ್ನು ಎಳೆಯುತ್ತದೆ ಎಂದು ಮೊದಲ ಪುಸ್ತಕದಲ್ಲೇ ಒಪ್ಪಿಕೊಂಡಿದ್ದೀರಿ. ಅಲ್ಲಿ ಹಾಕಿದ ನಿಯಮ ಇಲ್ಲಿ ಮುರಿದಿದೆಯೇ ಎಂಬುದಷ್ಟೇ ನಿಮ್ಮ ಪ್ರಶ್ನೆ.

ಕಡಲೇ ಕಾಣದಿದ್ದಾಗ

ಕೆಲವು ನಡುವಿನ ಪುಸ್ತಕಗಳು ಕಡಲನ್ನೇ ಬಿಟ್ಟು ನೆಲಕ್ಕಿಳಿಯುತ್ತವೆ, ಅಲ್ಲೇ ಓದುಗರ ಸಿಟ್ಟು ಜೋರು. ಉರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಸರಣಿ ಇದಕ್ಕೆ ಒಳ್ಳೆಯ ನಿದರ್ಶನ. 1968ರ ಮೊದಲ ಪುಸ್ತಕ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಅಲೆಯುವ ಕಥೆ. 1971ರ ಎರಡನೆಯದು ಬಹುಪಾಲು ಮರುಭೂಮಿಯ ಸಮಾಧಿಗಳ ಕೆಳಗಿನ ಕತ್ತಲ ಸುರಂಗಗಳಲ್ಲಿ ನಡೆಯುತ್ತದೆ, ನಾಯಕಿ ಹೊಸಬಳು, ಹಳೆಯ ನಾಯಕ ಬರುವುದೇ ಕಥೆ ಸಾಕಷ್ಟು ಮುಂದೆ ಸಾಗಿದ ಮೇಲೆ. 1972ರ ಮೂರನೆಯದರಲ್ಲಿ ದೋಣಿ ಮತ್ತೆ ನೀರಿಗಿಳಿಯುತ್ತದೆ. ಕಡಲನ್ನು ನಿರೀಕ್ಷಿಸಿ ಎರಡನೆಯದನ್ನು ತೆರೆದವರಿಗೆ ನಿರಾಸೆಯಾಗಬಹುದು. ಆದರೆ ಆ ನಿರಾಸೆ ನಿರೀಕ್ಷೆಯಿಂದ ಬಂದದ್ದು, ಅದಕ್ಕೆ ಪುಸ್ತಕದ ಅಂಕ ಕಳೆಯುವಂತಿಲ್ಲ. 'ಕಡಲು ಬೇಕೆಂದು ಬಂದವರಿಗೆ ಇಲ್ಲಿ ಸಿಗುವುದು ನೆಲಮಾಳಿಗೆ' ಎಂದು ಎರಡನೆಯ ಸಾಲಿನಲ್ಲೇ ತಿಳಿಸಿಬಿಡಿ, ಆಮೇಲೆ ನೆಲಮಾಳಿಗೆ ಹೇಗಿದೆ ಎಂದು ಬರೆಯಿರಿ. ಅಂದಹಾಗೆ, ಅದೇ ಸರಣಿಗೆ 1990ರಲ್ಲಿ ನಾಲ್ಕನೆಯ ಪುಸ್ತಕ ಬಂತು. 'ಟ್ರಿಲಜಿಯ ನಡುವಿನದು' ಎಂಬ ಮಾತಿಗೆ ಶಾಶ್ವತ ಖಾತರಿ ಯಾರೂ ಕೊಡಲಾರರು.

ಬರೆಯುವಾಗ

ನಾನೂರರಿಂದ ಆರುನೂರು ಪದ ಹಿತವಾದ ಅಳತೆ. ಮೊದಲ ಸಾಲುಗಳಲ್ಲೇ ನೀವು ಎಲ್ಲಿ ನಿಂತು ಮಾತಾಡುತ್ತಿದ್ದೀರಿ ಎಂದು ಹೇಳಿ: ಮೊದಲನೆಯದು ಮುಗಿಸಿದ ಮರುದಿನವೇ ಇದನ್ನು ಹಿಡಿದಿರೋ, ವರ್ಷಗಟ್ಟಲೆ ಕಾದು ಓದಿದಿರೋ, ಮೂರನೆಯದನ್ನೂ ಓದಿದ್ದೀರೋ. ರಾಬಿನ್ ಹಾಬ್ ಅವರ ಮಾತಾಡುವ ಹಡಗುಗಳ ಟ್ರಿಲಜಿ 1998, 1999, 2000ರಲ್ಲಿ ಒಂದೊಂದಾಗಿ ಬಂತು. 1999ರಲ್ಲಿ ನಡುವಿನದನ್ನು ಮುಗಿಸಿ ಕಾದು ಕೂತವರ ಅನಿಸಿಕೆಗೂ ಈಗ ಮೂರನ್ನೂ ಸಾಲಾಗಿ ಇಟ್ಟುಕೊಂಡು ಓದುವವರ ಅನಿಸಿಕೆಗೂ ಅಜಗಜಾಂತರ. ಕಾದವರಿಗೆ ಅರ್ಧಕ್ಕೆ ನಿಂತ ಕೊನೆ ಕಿರಿಕಿರಿ. ಸಾಲಾಗಿ ಓದುವವರಿಗೆ ಅದು ಪುಟ ತಿರುಗಿಸಿದಷ್ಟೇ. ಬೇರೆಯವರ ಅನಿಸಿಕೆ ಓದುವಾಗಲೂ ಮೊದಲು ತಾರೀಕು ನೋಡಿ.

ಸ್ಪಾಯ್ಲರ್ ವಿಷಯದಲ್ಲಿ ನಡುವಿನ ಪುಸ್ತಕಕ್ಕೆ ಎರಡು ಪಟ್ಟು ಜವಾಬ್ದಾರಿ. ಈ ಪುಸ್ತಕದ ಗುಟ್ಟು ಬಿಡದಿದ್ದರೆ ಸಾಲದು, ಮೊದಲನೆಯದರ ಗುಟ್ಟೂ ಉಳಿಯಬೇಕು. ಮೊದಲ ಪುಸ್ತಕದ ಕೊನೆಯಲ್ಲಿ ಮುಳುಗಿದವನ ಹೆಸರು ಹೇಳಿ 'ಅವನ ಅಧ್ಯಾಯಗಳು ಚೆನ್ನಾಗಿವೆ' ಎಂದು ಬರೆದರೆ ಅವನು ಬದುಕಿದ್ದಾನೆ ಎಂದು ಸಾರಿದಂತೆ. 'ಕೊನೆಯಲ್ಲಿ ಯಾರೂ ಊಹಿಸದ ತಿರುವಿದೆ' ಎನ್ನುವುದೂ ಸ್ಪಾಯ್ಲರೇ. ಓದುಗ ಆಮೇಲೆ ಪ್ರತಿ ಪುಟದಲ್ಲೂ ತಿರುವನ್ನೇ ಹುಡುಕುತ್ತಾನೆ. ಹೆಸರಿನ ಬದಲು ಪಾತ್ರದ ಸ್ಥಾನ ಹೇಳಿ: 'ಬಂದರಿನ ಕಥೆ', 'ಸೆರೆಯಾಳಿನ ಅಧ್ಯಾಯಗಳು'. ಗುಟ್ಟು ಬಿಡದೆ ಹೇಳಲಾಗದ್ದನ್ನು ಕೊನೆಗಿಟ್ಟು, ಮೇಲೆ ಸ್ಪಷ್ಟ ಎಚ್ಚರಿಕೆ ಹಾಕಿ. ಎಚ್ಚರಿಕೆಯಲ್ಲಿ ಯಾವ ಪುಸ್ತಕದವರೆಗಿನ ಗುಟ್ಟು ಎಂದೂ ಇರಬೇಕು. ಗುಲಾಮರ ಸಾಗಣೆ, ಚಾಟಿಯೇಟು, ಅತ್ಯಾಚಾರ, ಮಗುವಿನ ಸಾವು ಇದ್ದರೆ ಒಂದು ಸಾಲಿನಲ್ಲಿ ನೇರವಾಗಿ ತಿಳಿಸಿ. ಕಡಲ ಕಥೆಗಳಲ್ಲಿ ಇವು ಕಡಿಮೆಯೇನಲ್ಲ, ತಿಳಿಸುವುದರಿಂದ ಯಾವ ಗುಟ್ಟೂ ಹಾಳಾಗುವುದಿಲ್ಲ.

ಇನ್ನು ವಾಕ್ಯಗಳು. ಒಂದು ಕರಡು ಸಾಲನ್ನೇ ತೆಗೆದುಕೊಳ್ಳೋಣ: 'ಮಧ್ಯದಲ್ಲಿ ತುಂಬಾ ಬೋರ್, ಕಥೆ ಮುಂದಕ್ಕೇ ಹೋಗಲ್ಲ.' ಎಲ್ಲಿಂದ ಎಲ್ಲಿಗೆ ಎಂದು ಕೇಳಿಕೊಳ್ಳಿ, ಅಧ್ಯಾಯಗಳ ಪಟ್ಟಿ ನೋಡಿ. 12ರಿಂದ 19ರವರೆಗೆ ಹಡಗು ದುರಸ್ತಿಗೆ ನಿಂತಿದೆ. ಆ ಎಂಟರಲ್ಲಿ ಐದರ ಕೊನೆಯ ಕಾಲಮು ಖಾಲಿ. ಆಗ ಸಾಲು ಹೀಗಾಗುತ್ತದೆ: '12ನೇ ಅಧ್ಯಾಯದಲ್ಲಿ ಬಂದರಿಗೆ ಬಂದ ಹಡಗು 19ರವರೆಗೆ ಕದಲುವುದಿಲ್ಲ. ಈ ನೂರಿಪ್ಪತ್ತು ಪುಟಗಳಲ್ಲಿ ಹೊಸದಾಗಿ ತಿಳಿಯುವುದು ಸಾಲ ಕೊಟ್ಟವನು ಯಾರೆಂಬುದು ಮಾತ್ರ, ಅದನ್ನು 13ರಲ್ಲೇ ಊಹಿಸಬಹುದು.' ಕೋಪ ಕಡಿಮೆಯಾಗಿಲ್ಲ, ಆದರೆ ಈಗ ಓದುವವರಿಗೆ ನಿರ್ಧಾರ ಮಾಡಲು ಆಧಾರ ಸಿಕ್ಕಿತು. ಬಂದರಿನ ಒಳರಾಜಕೀಯ ಇಷ್ಟಪಡುವವರು ಅದೇ ಸಾಲು ಓದಿ ಪುಸ್ತಕ ಕೊಳ್ಳಲೂಬಹುದು. ಹೊಗಳಿಕೆಗೂ ಇದೇ ಶಿಸ್ತು: 'ಪಾತ್ರಪೋಷಣೆ ಸೂಪರ್' ಎಂದರೆ ಏನೂ ಹೇಳಿದಂತಲ್ಲ. 'ಮೊದಲ ಪುಸ್ತಕದಲ್ಲಿ ಹಗ್ಗ ಕಟ್ಟಲೂ ಹೆದರುತ್ತಿದ್ದ ಹುಡುಗ ಇಲ್ಲಿ ಬಿರುಗಾಳಿಯಲ್ಲಿ ಕಪ್ತಾನನ ಆಜ್ಞೆ ಮೀರಿ ಹಾಯಿ ಕತ್ತರಿಸುತ್ತಾನೆ, ಆ ಧೈರ್ಯಕ್ಕೆ ಎರಡು ಅಧ್ಯಾಯ ಹಿಂದೆಯೇ ಕಾರಣ ಇಟ್ಟಿದ್ದಾರೆ' ಎಂದರೆ ಹೇಳಿದಂತೆ.

'ಈ ಪಾತ್ರ ಹೀಗೆ ಮಾಡುವವಳಲ್ಲ' ಎಂಬ ದೂರು ಬಂದರೆ ಮೊದಲ ಪುಸ್ತಕದಿಂದ ಅವಳ ಎರಡು ನಿರ್ಧಾರಗಳನ್ನು ಪಕ್ಕಕ್ಕಿಟ್ಟು ನೋಡಿ. ಒಂದೇ ಇದ್ದರೆ ಅದು ಸ್ವಭಾವವೋ ಸಂದರ್ಭವೋ ಹೇಳಲಾಗದು. ಖಳನಿಗೆ ಈ ಪುಸ್ತಕದಲ್ಲಿ ಬಾಲ್ಯದ ನೋವು ಬಂತು, ಅವನ ಪಾಪ ತೊಳೆಯುತ್ತಿದ್ದಾರೆ ಎಂಬುದು ಇನ್ನೊಂದು ಮಾಮೂಲು ದೂರು. ಕಾರಣ ಕೊಡುವುದಕ್ಕೂ ಕ್ಷಮಿಸುವುದಕ್ಕೂ ವ್ಯತ್ಯಾಸವಿದೆ. ಅವನಿಂದ ನೊಂದವರಿಗೆ ಪುಸ್ತಕದಲ್ಲಿ ಎಷ್ಟು ಪುಟ ಸಿಕ್ಕಿದೆ ಎಂದು ಎಣಿಸಿದರೆ ಲೇಖಕರು ಯಾವ ಕಡೆಗಿದ್ದಾರೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಕೊನೆಯ ಬಗ್ಗೆ ಬರೆಯುವಾಗ ನಿಮ್ಮ ಪ್ರಶ್ನೆಗಳ ಹಾಳೆ ಹೊರತೆಗೆಯಿರಿ. ಕಥೆ ಅರ್ಧಕ್ಕೆ ನಿಲ್ಲುವುದು ತಪ್ಪಲ್ಲ, ಅದು ಆ ಪುಸ್ತಕದ ಹುಟ್ಟುಗುಣ. ಆದರೆ ಈ ಪುಸ್ತಕವೇ ತನ್ನ ಮೊದಲ ಕಾಲುಭಾಗದಲ್ಲಿ ಹೊಸದಾಗಿ ಎತ್ತಿದ ಪ್ರಶ್ನೆ ಒಂದಾದರೂ ಇಲ್ಲೇ ತೀರಬೇಕು. ಕಳೆದುಹೋದ ಹಡಗನ್ನು ಹುಡುಕಲು ಹೊರಟವರಿಗೆ ಹಡಗು ಸಿಗಬೇಕು, ಇಲ್ಲವೇ ಸಿಗುವುದಿಲ್ಲವೆಂದು ಖಚಿತವಾಗಬೇಕು. ಅದೂ ಇಲ್ಲದೆ ಕತ್ತಿ ಮೇಲೆತ್ತಿದ ಕ್ಷಣಕ್ಕೆ ಪರದೆ ಎಳೆದಿದ್ದರೆ 'ಕೊನೆ ಇಲ್ಲ' ಎಂದು ಧೈರ್ಯವಾಗಿ ಬರೆಯಿರಿ.

ಸ್ಟಾರ್ ಕೊಡುವ ಅಭ್ಯಾಸವಿದ್ದರೆ ಮೂರು ಸ್ಟಾರ್ ಎಂದರೆ ನಿಮಗೆ ಏನರ್ಥ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಮೊದಲನೆಯದಕ್ಕೆ ಐದು ಕೊಟ್ಟದ್ದರಿಂದ ಇದಕ್ಕೆ ನಾಲ್ಕಾದರೂ ಕೊಡಬೇಕು ಎಂಬ ಮುಲಾಜು ಬೇಡ.

ಗುಂಪಾಗಿ ಓದುವುದಾದರೆ

ವಾರಕ್ಕೆ ನೂರು ಪುಟ ಎಂದು ಹಂಚಬೇಡಿ. ಪಯಣದ ಹಂತಗಳ ಮೇಲೆ ಹಂಚಿ. ಬಂದರು ಬಿಟ್ಟಲ್ಲಿಂದ ಮುಂದಿನ ನೆಲ ಕಾಣುವವರೆಗೆ ಒಂದು ಕಂತು. ನಡುಗಡಲಲ್ಲಿ ನಿಲ್ಲಿಸಿದರೆ ಯಾರಾದರೂ ಮುಂದಕ್ಕೆ ಓದಿಯೇ ಓದುತ್ತಾರೆ, ಚರ್ಚೆಯಲ್ಲಿ ಅವರ ಮುಖವೇ ಗುಟ್ಟು ಬಿಟ್ಟುಕೊಡುತ್ತದೆ. ಮೂರನೆಯ ಪುಸ್ತಕ ಓದಿದವರು ಗುಂಪಿನಲ್ಲಿದ್ದರೆ ಲೆಕ್ಕ ಬರೆಯುವ ಕೆಲಸ ಅವರಿಗೆ ಕೊಡಿ, ತೀರ್ಪು ಹೇಳುವ ಕೆಲಸ ಬೇಡ. 'ತಾಳಿ, ಮುಂದೆ ಗೊತ್ತಾಗುತ್ತದೆ' ಎಂಬ ಒಂದೇ ಮಾತಿನಿಂದ ಚರ್ಚೆ ಸತ್ತುಹೋಗುತ್ತದೆ. ಪ್ರತಿ ಕಂತಿಗೂ ಎಲ್ಲರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯುವುದು ಒಳ್ಳೆಯದು, ಇಲ್ಲದಿದ್ದರೆ ಮೊದಲು ಮಾತಾಡಿದವರ ಅಭಿಪ್ರಾಯಕ್ಕೆ ಉಳಿದವರು ತಲೆದೂಗುತ್ತಾರೆ.

ಮೂರನೆಯದು ಓದಿದ ಮೇಲೆ ಹಳೆಯ ಅನಿಸಿಕೆಯನ್ನು ತಿದ್ದುವ ಆಸೆ ಬರುತ್ತದೆ. ತಿದ್ದಬೇಡಿ. ಕೆಳಗೆ ತಾರೀಕು ಹಾಕಿ ಎರಡು ಸಾಲು ಸೇರಿಸಿ: ಬೇಡವೆನಿಸಿದ್ದ ಯಾವ ಅಧ್ಯಾಯ ಮುಂದೆ ಬೇಕಾಯಿತು, ಕಾಯುತ್ತಿದ್ದ ಯಾವ ಪ್ರಶ್ನೆಯನ್ನು ಲೇಖಕರು ಮರೆತೇಬಿಟ್ಟರು. ಸ್ಟಾರ್ ಬದಲಿಸುವುದಿದ್ದರೆ ಹಳೆಯ ಸಂಖ್ಯೆಯೂ ಪಕ್ಕದಲ್ಲೇ ಕಾಣುವಂತಿರಲಿ.